ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ: ಒಂದು ಸಹಕಾರ ಸಂಘದ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕಿನ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದು ಸುಳ್ಳು ಮೇಲ್ ನಂಬಿ ದುಡ್ಡು ಕಳೆದುಕೊಂಡ ಪ್ರಕರಣ ಇದು. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ಮೊತ್ತ, ಸಿಬ್ಬಂದಿಯ ಸಂಖ್ಯೆ, ಕೆಲವರ ಹುದ್ದೆ ಇವನ್ನು ಸ್ವಲ್ಪ ಬದಲಿಸಿದ್ದೇನೆ. "ಬರೀರಿ, ಬೇರೆ ಸಂಘದವರಿಗಾದ್ರೂ ಉಪಯೋಗಕ್ಕೆ ಬರಲಿ. ನಮ್ಮ ಹೆಸರು ಮಾತ್ರ ಬರೋದು ಬೇಡ" ಎಂದು ಅಲ್ಲಿನವರೇ ಹೇಳಿದರು. ನಾನು ಶಿವಮೊಗ್ಗದಲ್ಲಿ ಸಣ್ಣಪುಟ್ಟ ಸಂಸ್ಥೆಗಳ ಕಂಪ್ಯೂಟರು, ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವವನು. ದುಡ್ಡು ಹೋಗಿ ಕೆಲವು ತಿಂಗಳಾದ ಮೇಲೆ ನನ್ನನ್ನು ಕರೆದರು. ಹಾಗಾಗಿ ಇದರ ಮೊದಲರ್ಧ ಅಲ್ಲಿನವರ ಬಾಯಿಂದ ಕೇಳಿದ್ದು, ಕಡತದಲ್ಲಿ ನೋಡಿದ್ದು.

ಹಿನ್ನೆಲೆ

ಸಂಘದಲ್ಲಿ ಹನ್ನೊಂದು ಜನ ಕಚೇರಿ ಸಿಬ್ಬಂದಿ, ಅವರಲ್ಲದೆ ಪಿಗ್ಮಿ ಸಂಗ್ರಹಿಸುವ ನಾಲ್ವರು. ಅಡಿಕೆ ಮಾರಾಟ, ಸಾಲ, ಠೇವಣಿ, ಗೊಬ್ಬರದ ಗೋದಾಮು, ಎಲ್ಲವೂ ಒಂದೇ ಸೂರಿನಡಿ. ಲೆಡ್ಜರ್ ಪುಸ್ತಕ ಹೋಗಿ ಕಂಪ್ಯೂಟರ್ ಬಂದು ತುಂಬಾ ವರ್ಷ ಆಗಿಲ್ಲ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2022ರ ಜೂನ್‌ನಲ್ಲಿ. ಈ ಸಂಘ ಅದಕ್ಕೂ ಮೊದಲೇ ಸ್ವಂತ ಖರ್ಚಿನಲ್ಲಿ ಬದಲಾಗಿತ್ತು. ಆಗ ಕೊಟ್ಟ ತರಬೇತಿ ಎಂದರೆ ಯಾವ ಕೆಲಸಕ್ಕೆ ಯಾವ ಬಟನ್ ಒತ್ತಬೇಕು ಅನ್ನುವುದಷ್ಟೇ. ಅನುಮಾನ ಬಂದರೆ ಏನು ಮಾಡಬೇಕು ಅನ್ನುವುದು ಅದರಲ್ಲಿ ಇರಲಿಲ್ಲ.

ಪ್ರತಿ ಮೇ ತಿಂಗಳಲ್ಲಿ ಈ ಸಂಘಕ್ಕೆ ಒಂದು ದೊಡ್ಡ ಖರೀದಿ ಇರುತ್ತದೆ: ಮೈಲುತುತ್ತ. ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಇದು ಬೇಕೇ ಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ ಬೀಳಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರ ಸರದಿ ಸಿಗುವುದೇ ಕಷ್ಟ, ಸಿಕ್ಕ ದಿನ ಮನೆಯಲ್ಲಿ ತುತ್ತ ಇಲ್ಲದಿದ್ದರೆ ಸರದಿ ಪಕ್ಕದ ತೋಟಕ್ಕೆ ಹೋಗುತ್ತದೆ. ಹಾಗಾಗಿ ಮೇ ಎರಡನೇ ವಾರದಿಂದಲೇ ಸದಸ್ಯರು ಕೌಂಟರಿಗೆ ಬಂದು "ಲೋಡ್ ಬಂತಾ?" ಅಂತ ಕೇಳುತ್ತಾರೆ. ಆ ಅವಸರ ಎಷ್ಟು ನಿಜ ಅನ್ನುವುದು ಗೊತ್ತಿಲ್ಲದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಮೋಸ ಮಾಡುವವರು ಎಲ್ಲ ಕಡೆ ಅವಸರವನ್ನು ತಾವೇ ಹುಟ್ಟಿಸಬೇಕಾಗುತ್ತದೆ. ಇಲ್ಲಿ ಅದು ಮೊದಲೇ ಇತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಸಂಘದ ನೆಟ್‌ಬ್ಯಾಂಕಿಂಗ್‌ನಲ್ಲಿ ಪಾವತಿಗೆ ಇಬ್ಬರು ಬೇಕು. ಅಕೌಂಟೆಂಟ್ ನಮೂದಿಸಬೇಕು, ಕಾರ್ಯದರ್ಶಿ ಒಪ್ಪಿಗೆ ಕೊಡಬೇಕು. ಒಪ್ಪಿಗೆಯ ಒಟಿಪಿ ಕಾರ್ಯದರ್ಶಿಯ ನಂಬರಿಗೆ ಬರುತ್ತದೆ. ಕಾಗದದ ಮೇಲೆ ಒಳ್ಳೆಯ ವ್ಯವಸ್ಥೆ. ಆದರೆ ಕಾರ್ಯದರ್ಶಿಯ ಮನೆ ಇರುವುದು ಘಟ್ಟದ ಅಂಚಿನಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಹೋಯಿತು, ಟವರ್ ಹೋದರೆ ಒಟಿಪಿ ಇಲ್ಲ. ಒಂದು ವರ್ಷ ಜುಲೈನಲ್ಲಿ ಹೀಗೇ ಆಗಿ ಬೆಳೆಗಾರರ ಅಡಿಕೆ ದುಡ್ಡು ಎರಡು ದಿನ ನಿಂತಿತ್ತು. ಸದಸ್ಯರು ಬಂದು ಕೂಗಾಡಿದರು. ಅದಾದ ಮೇಲೆ ಆ ಸಿಮ್ ಹಾಕಿದ ಹಳೇ ಫೋನು ಅಕೌಂಟೆಂಟ್ ಮೇಜಿನ ಡ್ರಾಯರ್ ಸೇರಿತು. ಪಾಸ್‌ವರ್ಡೂ ಅವರ ಹತ್ತಿರವೇ ಉಳಿಯಿತು. ಇದಕ್ಕೆ ಠರಾವು ಇಲ್ಲ, ಪತ್ರ ಇಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನಿರ್ದೇಶಕರಿಗೂ ಗೊತ್ತಿತ್ತು. ಇಬ್ಬರು ಮಾಡಬೇಕಾದ ಕೆಲಸ ಒಬ್ಬರ ಕೈಗೆ ಬಂದಿತ್ತು. ಇದನ್ನು ಬರೀ ಅಶಿಸ್ತು ಅಂದುಬಿಟ್ಟರೆ ತಪ್ಪಾಗುತ್ತದೆ. ದುಡ್ಡು ನಿಲ್ಲಬಾರದು ಅಂತ ಹುಡುಕಿಕೊಂಡ ದಾರಿ ಅದು.

ಆ ಶುಕ್ರವಾರ

ಮೇ ತಿಂಗಳ ಎರಡನೇ ಶನಿವಾರದ ಹಿಂದಿನ ದಿನ. 6 ಟನ್ ಮೈಲುತುತ್ತಕ್ಕೆ ಸುಮಾರು 16 ಲಕ್ಷ ರೂಪಾಯಿ ಕಳಿಸಬೇಕಿತ್ತು. ಸರಬರಾಜು ಮಾಡುವವರು ಹೊರರಾಜ್ಯದವರು, ಆರೇಳು ವರ್ಷದ ವ್ಯವಹಾರ. ಬೆಳಿಗ್ಗೆ ಅವರ ಮೇಲ್ ಬಂತು. ಹಿಂದಿನ ಮಾತುಕತೆಯ ಕೆಳಗೇ ಬಂದ ಉತ್ತರ, ಹಳೇ ಮೇಲ್‌ಗಳೆಲ್ಲ ಅದರಲ್ಲೇ ಇದ್ದವು. ಇನ್‌ವಾಯ್ಸ್ ಅವರದ್ದೇ ನಮೂನೆಯದ್ದು, ದರವೂ ಸರಿ, ಲೋಗೋ ಕೂಡ ಸರಿ. ಒಂದೇ ಸಾಲು ಹೊಸದು: ನಮ್ಮ ಖಾತೆಯಲ್ಲಿ ಆಡಿಟ್ ನಡೆಯುತ್ತಿದೆ, ಈ ಬಾರಿ ಈ ಇನ್ನೊಂದು ಖಾತೆಗೆ ಹಾಕಿ.

ನಡೆದಿದ್ದು ಇಷ್ಟು. ಸರಬರಾಜುದಾರರ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಯಾರದೋ ಕೈ ಸೇರಿತ್ತು. ಬರುವ ಹೋಗುವ ಮೇಲ್‌ಗಳನ್ನು ಅವರು ಸುಮ್ನೆ ಓದುತ್ತಾ ಕೂತಿದ್ದರು. ದುಡ್ಡು ಕಳಿಸುವ ಹೊತ್ತು ಹತ್ತಿರ ಬಂದಾಗ, ಸರಬರಾಜುದಾರರ ವಿಳಾಸದಂತೆಯೇ ಕಾಣುವ ಇನ್ನೊಂದು ವಿಳಾಸದಿಂದ ಉತ್ತರ ಕಳಿಸಿದರು. ಇಂಗ್ಲಿಷಿನ ಎಂ ಅಕ್ಷರ ಇರಬೇಕಾದ ಕಡೆ ಆರ್ ಮತ್ತು ಎನ್ ಅಕ್ಕಪಕ್ಕ. ಸಣ್ಣ ಅಕ್ಷರದಲ್ಲಿ ಎರಡೂ ಸೇರಿ ಎಂ ಥರವೇ ಕಾಣುತ್ತವೆ. ನನಗೆ ಅದನ್ನು ಪ್ರಿಂಟ್ ತೆಗೆದು ತೋರಿಸಿದಾಗ, ಎಲ್ಲಿ ನೋಡಬೇಕು ಅಂತ ಹೇಳಿದ ಮೇಲೂ ಕನ್ನಡಕ ಸರಿಮಾಡಿಕೊಂಡು ನೋಡಬೇಕಾಯಿತು.

ಅಕೌಂಟೆಂಟ್ ಅವರಿಗೆ ಆ ಅಕ್ಷರ ಕಾಣಲಿಲ್ಲ, ಆದರೆ ಬೇರೆ ಎರಡು ವಿಷಯ ಕಂಡವು. ಆ ಕಡೆಯ ಗುಮಾಸ್ತರು ಮೇಲ್ ಕಳಿಸಿದ ಮೇಲೆ ತಪ್ಪದೆ ಒಂದು ಫೋನ್ ಮಾಡುತ್ತಿದ್ದರು, ಅವತ್ತು ಮಾಡಿರಲಿಲ್ಲ. ಹೊಸ ಖಾತೆಯ ಐಎಫ್‌ಎಸ್‌ಸಿ ಹಾಕಿ ನೋಡಿದರೆ ಶಾಖೆ ಇದ್ದಿದ್ದು ಬೇರೆಯೇ ರಾಜ್ಯದಲ್ಲಿ. ಅವರು ಕಾರ್ಯದರ್ಶಿಗೆ ಫೋನ್ ಮಾಡಿದರು. ಕಾರ್ಯದರ್ಶಿ ಶಿವಮೊಗ್ಗದಲ್ಲಿ ಮೀಟಿಂಗ್‌ನಲ್ಲಿದ್ದರು. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ ಮಾತು ಹೆಚ್ಚುಕಡಿಮೆ ಒಂದೇ:

"ಸರ್, ಈ ಸಲ ಅಕೌಂಟ್ ನಂಬರ್ ಬೇರೆ ಕೊಟ್ಟಿದ್ದಾರೆ."

"ಮೇಲ್ ಅವರದ್ದೇ ಅಲ್ವಾ ಮಾರಾಯ್ತಿ?"

"ಹೌದು ಸರ್, ಅವರದ್ದೇ."

"ಮತ್ತೆ ಎಂತ ಕೇಳೋದು? ಮಾಡಿ ಮುಗ್ಸು. ಸೋಮವಾರ ಲೋಡ್ ಹೊರಡ್ದೇ ಇದ್ರೆ ಜನ ನನ್ನ ಹರ್ಕೊಂಡು ತಿಂತಾರೆ."

ಹೊಸ ಖಾತೆ ಸೇರಿಸಿದ ಮೇಲೆ ಬ್ಯಾಂಕಿನ ವ್ಯವಸ್ಥೆ ಸ್ವಲ್ಪ ಹೊತ್ತು ಕಾಯಿಸಿತು. ಸರಬರಾಜುದಾರರಿಗೆ ಒಂದು ಫೋನ್ ಮಾಡಲು ಆ ಹೊತ್ತು ಸಾಕಿತ್ತು. ಆದರೆ ಅಕೌಂಟೆಂಟ್ ಅವರು ಕೌಂಟರಿನಲ್ಲಿ ಸಾಲದ ಕಂತು ಕಟ್ಟಲು ನಿಂತವರನ್ನು ನೋಡುತ್ತಿದ್ದರು. ಮೇಲಿನವರು ಮಾಡು ಅಂದ ಮೇಲೆ ಮತ್ತೆ ವಿಚಾರಿಸಿದರೆ ಅವರ ಮಾತನ್ನು ನಂಬಲಿಲ್ಲ ಅನ್ನಿಸುತ್ತದೆ ಎನ್ನುವ ಸಂಕೋಚವೂ ಇತ್ತು. ಮೂರೂಮುಕ್ಕಾಲಿಗೆ ಆರ್‌ಟಿಜಿಎಸ್‌ನಲ್ಲಿ (ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕೂಡಲೇ ಕಳಿಸುವ ವ್ಯವಸ್ಥೆ) ದುಡ್ಡು ಹೋಯಿತು. ಆಗ ಆರ್‌ಟಿಜಿಎಸ್‌ನಲ್ಲಿ ದುಡ್ಡು ಹೋಗುತ್ತಿದ್ದಿದ್ದು ಖಾತೆ ನಂಬರಿನ ಮೇಲೆ. ನೀವು ಬರೆದ ಹೆಸರೂ ಖಾತೆದಾರರ ಹೆಸರೂ ಒಂದೇನಾ ಅಂತ ಯಾರೂ ನೋಡುತ್ತಿರಲಿಲ್ಲ. ಕಳಿಸುವ ಮೊದಲೇ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಟ್ಟ ಗಡುವು 2025ರ ಏಪ್ರಿಲ್ 1. ಈ ಘಟನೆ ಅದಕ್ಕಿಂತ ಹಿಂದಿನದು.

ನಿಜವಾದ ನಷ್ಟ ಎಲ್ಲಾಯಿತು

ರಾತ್ರಿ ಏಳೂವರೆಗೆ ಅಕೌಂಟೆಂಟ್ ಅವರ ವಾಟ್ಸಾಪಿಗೆ ಒಂದು ಸಂದೇಶ ಬಂತು. ಸರಬರಾಜುದಾರರ ಗುಮಾಸ್ತರೇ, ಹಳೇ ನಂಬರಿನಿಂದ: ಪೇಮೆಂಟ್ ಯಾವಾಗ ಮಾಡುತ್ತೀರಿ?

ಅಡುಗೆಮನೆಯಲ್ಲಿ ನಿಂತು ಅದನ್ನು ಓದಿದಾಗಲೇ ಎಲ್ಲ ಗೊತ್ತಾಯಿತಂತೆ. ಮೇಲ್ ತೆರೆದು ವಿಳಾಸವನ್ನು ಒಂದೊಂದೇ ಅಕ್ಷರ ಓದಿದರು. ಆಮೇಲೆ ಗುಮಾಸ್ತರಿಗೆ ಉತ್ತರ ಕೊಟ್ಟರು: ಸೋಮವಾರ.

ಸೋಮವಾರ ಬೆಳಿಗ್ಗೆ ಹತ್ತರವರೆಗೆ ಅವರು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಶನಿವಾರ ಇಡೀ ದಿನ ಲೆಕ್ಕ ಹಾಕಿದರು: ಕತ್ತಿನ ಸರ, ಎರಡು ಜೊತೆ ಬಳೆ, ತಾಯಿ ಕೊಟ್ಟ ಅವಲಕ್ಕಿ ಸರ. ಅಡ ಇಟ್ಟರೆ ಎಷ್ಟು ಬರಬಹುದು? ಎಷ್ಟು ಕೂಡಿದರೂ ಮೂರು ಲಕ್ಷ ದಾಟಲಿಲ್ಲ. ಶನಿವಾರ, ಭಾನುವಾರ ಬ್ಯಾಂಕಿಗೆ ರಜೆ, ದುಡ್ಡು ಅಲ್ಲೇ ಇರುತ್ತದೆ, ಸೋಮವಾರ ಬಾಗಿಲು ತೆರೆದ ಕೂಡಲೇ ಹೋಗಿ ಮ್ಯಾನೇಜರ್ ಕಾಲು ಹಿಡಿದರಾಯಿತು ಅಂತಲೂ ಅಂದುಕೊಂಡಿದ್ದರು. ಬ್ಯಾಂಕ್ ಬಾಗಿಲು ಮುಚ್ಚಿದರೆ ದುಡ್ಡೂ ನಿಲ್ಲುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆ, ರಜಾದಿನಗಳಲ್ಲೂ ನಡೆಯುತ್ತಿವೆ. ಕಳ್ಳರಿಗೆ ಎರಡನೇ ಶನಿವಾರ ಅಂತ ಇಲ್ಲ. ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿಯೂ ಹಾಗೇ, ರಜೆ ಇಲ್ಲದೆ ನಡೆಯುತ್ತದೆ. ಆದರೆ ಆ ನಂಬರ್ ಸಂಘದ ಯಾವ ಗೋಡೆಯ ಮೇಲೂ ಇರಲಿಲ್ಲ.

ಸೋಮವಾರ ವಿಷಯ ಕೇಳಿದ ಕಾರ್ಯದರ್ಶಿ ಮೊದಲು ಹೇಳಿದ್ದು, "ಯಾರಿಗೂ ಹೇಳ್ಬೇಡಿ, ಅಧ್ಯಕ್ಷರು ಬರಲಿ." ಅಧ್ಯಕ್ಷರು ತೋಟದಿಂದ ಹೊರಟು ಬರುವಾಗ ಮಧ್ಯಾಹ್ನ ಒಂದು ಗಂಟೆ. ಅಷ್ಟರಲ್ಲಿ ಕಂಪ್ಯೂಟರ್ ಆಪರೇಟರ್ ಹುಡುಗ, ಎಲ್ಲರಿಗಿಂತ ಕಿರಿಯ, ಗೋದಾಮಿನ ಹಿಂದೆ ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ 1930ಕ್ಕೆ ಫೋನ್ ಮಾಡಿಬಿಟ್ಟಿದ್ದ. ಯಾರನ್ನೂ ಕೇಳಲಿಲ್ಲ. ಆ ಕಡೆಯವರು ವ್ಯವಹಾರದ ಗುರುತಿನ ನಂಬರ್ (ಯುಟಿಆರ್) ಕೇಳಿದಾಗ ಅಕೌಂಟೆಂಟ್ ಅವರೇ ವೋಚರ್ ಹಿಡಿದುಕೊಂಡು ಓದಿ ಹೇಳಿದರು. ಆಮೇಲೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು.

ತಿಂಗಳುಗಳಾದ ಮೇಲೆ ಖಾತೆಗಳ ವಿವರ ಬಂತು. ಮೊದಲ ಖಾತೆಗೆ ಬಿದ್ದ ದುಡ್ಡಿನಲ್ಲಿ ಒಂದಿಷ್ಟು ಶುಕ್ರವಾರ ರಾತ್ರಿಯೇ ಬೇರೆ ಬೇರೆ ಖಾತೆಗಳಿಗೆ ಚದುರಿತ್ತು. ಅದನ್ನು ಯಾರೂ ತಡೆಯಲು ಆಗುತ್ತಿರಲಿಲ್ಲವೇನೋ. ಆದರೆ ಸುಮಾರು 9 ಲಕ್ಷ ಭಾನುವಾರ ಮಧ್ಯಾಹ್ನದವರೆಗೂ ಎರಡು ಖಾತೆಗಳಲ್ಲಿ ಕದಲದೆ ಕೂತಿತ್ತು. ಸೋಮವಾರ ದೂರು ಹೋದಾಗ ತಡೆಹಿಡಿಯಲು ಸಿಕ್ಕಿದ್ದು 1.9 ಲಕ್ಷ.

ನಾನು ಈ ಪ್ರಕರಣ ಬರೆಯಲು ಮುಖ್ಯ ಕಾರಣ ಆ 9 ಲಕ್ಷ. ಮೋಸದ ಮೇಲ್ ಯಾರನ್ನು ಬೇಕಾದರೂ ಬೀಳಿಸಬಹುದಿತ್ತು. ಅಷ್ಟು ಚೆನ್ನಾಗಿತ್ತು. ಆದರೆ ಶುಕ್ರವಾರ ರಾತ್ರಿ ಏಳೂವರೆಯಿಂದ ಸೋಮವಾರದವರೆಗಿನ ಮೌನ ಆ ಕಳ್ಳರು ಮಾಡಿದ್ದಲ್ಲ. ಅದನ್ನು ಸಂಘವೇ ವರ್ಷಗಳ ಹಿಂದೆ ತಯಾರು ಮಾಡಿ ಇಟ್ಟಿತ್ತು.

ಅದರ ಕಥೆ ಇದು. ಕೆಲವು ವರ್ಷಗಳ ಹಿಂದೆ ನಗದು ಕೌಂಟರಿನಲ್ಲಿ 8 ಸಾವಿರ ರೂಪಾಯಿ ಕಡಿಮೆ ಬಂದಿತ್ತು. ಕ್ಯಾಷಿಯರ್ ತಾವಾಗಿಯೇ ಬಂದು ಹೇಳಿದರು. ವಾರ್ಷಿಕ ಮಹಾಸಭೆಯಲ್ಲಿ, ನೂರಾರು ಸದಸ್ಯರ ಎದುರು, ಮೈಕಿನಲ್ಲಿ ಅವರ ಹೆಸರು ಹೇಳಲಾಯಿತು. ಸಂಬಳದಿಂದ ಕಡಿತವೂ ಆಯಿತು. ಎರಡು ತಿಂಗಳ ಮೇಲೆ ಅದು ಪಿಗ್ಮಿ ಚೀಟಿಯೊಂದನ್ನು ಕೂಡುವಾಗ ಆದ ತಪ್ಪು ಅಂತ ಗೊತ್ತಾಯಿತು. ದುಡ್ಡು ವಾಪಸ್ ಕೊಟ್ಟರು. ಮೈಕಿನಲ್ಲಿ ಮಾತ್ರ ಯಾರೂ ಏನೂ ಹೇಳಲಿಲ್ಲ. ಸಿಬ್ಬಂದಿ ಪಾಠ ಕಲಿತಿದ್ದರು.

ಆಡಳಿತ ಮಂಡಳಿಯ ಸಭೆ

ಸಭೆಯಲ್ಲಿ ಮೊದಲು ಬಂದ ಸಲಹೆ: ಅಕೌಂಟೆಂಟ್ ಅವರನ್ನು ಅಮಾನತು ಮಾಡಿ, ಸಂಬಳದಿಂದ ವಸೂಲಿ ಮಾಡೋಣ. ಆಪರೇಟರ್ ಹುಡುಗನಿಗೂ ನೋಟಿಸ್ ಕೊಡಬೇಕು, ಕೇಳದೆ ಪೊಲೀಸ್ ತನಕ ಒಯ್ದು ಸಂಘದ ಮರ್ಯಾದೆ ತೆಗೆದ ಅಂತ ಇಬ್ಬರು ನಿರ್ದೇಶಕರು ಹಟ ಹಿಡಿದರು. 1.9 ಲಕ್ಷವಾದರೂ ಸಿಕ್ಕಿದ್ದು ಆ ಹುಡುಗನಿಂದ ಅನ್ನುವುದು ಅವರ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಕೌಂಟೆಂಟ್ ಅವರನ್ನು ಒಳಗೆ ಕರೆದು ಕೇಳಿದರು: ಶುಕ್ರವಾರವೇ ಯಾಕೆ ಹೇಳಲಿಲ್ಲ? ಅವರು ಕ್ಯಾಷಿಯರ್ ಹೆಸರು ಹೇಳಿದರು. "ಹೇಳಿದವರಿಗೆ ಏನಾಯ್ತು ಅಂತ ನಾನು ಆ ಸಭೇಲಿ ಕೂತು ನೋಡಿದ್ದೀನಿ ಸರ್" ಅಂದರು. ಜೊತೆಗೆ ಡ್ರಾಯರಿನಲ್ಲಿದ್ದ ಫೋನನ್ನು ತಂದು ಮೇಜಿನ ಮೇಲಿಟ್ಟರು.

ಆ ಫೋನು ಸಭೆಯ ದಿಕ್ಕು ಬದಲಿಸಿತು. ಕಾನೂನು ಸಲಹೆಗಾರರು ಸ್ಪಷ್ಟವಾಗಿ ಹೇಳಿದರು: ವಸೂಲಿಗೆ ಹೋದರೆ ಅವರು ಪ್ರಶ್ನೆ ಮಾಡುತ್ತಾರೆ, ಒಪ್ಪಿಗೆ ಕೊಡಬೇಕಾದ ಸಿಮ್ ಯಾರ ಡ್ರಾಯರಿನಲ್ಲಿತ್ತು, ಎಷ್ಟು ದಿನದಿಂದ ಇತ್ತು, ಯಾರಿಗೆಲ್ಲ ಗೊತ್ತಿತ್ತು ಅಂತ ಎಲ್ಲ ಹೊರಗೆ ಬರುತ್ತದೆ. ಮಂಡಳಿ ಅವರನ್ನು ಕೆಲಸದಲ್ಲಿ ಉಳಿಸಿಕೊಂಡಿತು. ಇದರಲ್ಲಿ ದೊಡ್ಡ ಮನಸ್ಸು ಎಷ್ಟಿತ್ತು, ತಾವೇ ಸಿಕ್ಕಿಬೀಳುವ ಭಯ ಎಷ್ಟಿತ್ತು ಅಂತ ನಾನು ತೂಗಲು ಹೋಗುವುದಿಲ್ಲ. ಭಯವೇ ಜಾಸ್ತಿ ಅಂತ ನನ್ನ ಅನಿಸಿಕೆ. ಆದರೂ ನಿರ್ಧಾರ ಸರಿಯಾಗಿಯೇ ಇತ್ತು.

ಬ್ಯಾಂಕಿನಿಂದ ಪರಿಹಾರ ಸಿಗಲಿಲ್ಲ. ಮೂರು ದಿನದೊಳಗೆ ಹೇಳಿದರೆ ಗ್ರಾಹಕರಿಗೆ ನಷ್ಟ ಇಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆಯಲ್ಲ ಎಂದು ಒಬ್ಬ ನಿರ್ದೇಶಕರು ವಾದ ಮಾಡಿದರು. 2017ರ ಆ ಸುತ್ತೋಲೆ ಇದ್ದಿದ್ದು ಗ್ರಾಹಕರ ಒಪ್ಪಿಗೆ ಇಲ್ಲದೆ, ಅವರ ತಪ್ಪೂ ಇಲ್ಲದೆ ನಡೆದ ವ್ಯವಹಾರಕ್ಕೆ. ಇಲ್ಲಿ ಸಂಘವೇ ಲಾಗಿನ್ ಆಗಿ, ಒಟಿಪಿ ಹಾಕಿ ಕಳಿಸಿತ್ತು. ಮೋಸ ಹೋಗಿ ಕಳಿಸಿದರೂ ಅದು ಕಳಿಸಿದ್ದೇ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕು.

ಮೊದಲು ಮಾಡಿದ್ದು, ಅದು ಕೆಟ್ಟಿದ್ದು

ಜುಲೈನಲ್ಲಿ ಒಂದು ಏಜೆನ್ಸಿಯನ್ನು ಕರೆಸಿ ತರಬೇತಿ ಮಾಡಿಸಿದರು. ಇಡೀ ದಿನ ಇಂಗ್ಲಿಷ್ ಸ್ಲೈಡುಗಳು, ಟೋಪಿ ಹಾಕಿಕೊಂಡು ಕತ್ತಲಲ್ಲಿ ಕೂತ ಹ್ಯಾಕರ್ ಚಿತ್ರ. ಹೊರಗೆ ಜಡಿಮಳೆ, ಒಳಗೆ ಊಟವಾದ ಮೇಲಿನ ನಿದ್ದೆ. ಕೊನೆಗೆ ಪರೀಕ್ಷೆ. ಒಬ್ಬರ ಉತ್ತರ ಎಲ್ಲರಿಗೂ ದಾಟಿ ಎಲ್ಲರೂ ಪಾಸು.

ಅಷ್ಟಕ್ಕೇ ನಿಂತಿದ್ದರೆ ದುಡ್ಡು ದಂಡ ಆಯಿತು ಅಂತ ಬಿಡಬಹುದಿತ್ತು. ಎರಡು ವಾರ ಬಿಟ್ಟು ಏಜೆನ್ಸಿಯವರು ಸಿಬ್ಬಂದಿಯನ್ನು ಪರೀಕ್ಷಿಸಲು ಒಂದು ಸುಳ್ಳು ಮೇಲ್ ಕಳಿಸಿದರು. ಅದರ ಶೀರ್ಷಿಕೆ: ವೇತನ ಪರಿಷ್ಕರಣೆ ಪಟ್ಟಿ. ನಾಲ್ಕು ವರ್ಷದಿಂದ ಸಂಬಳ ಏರದ ಜನಕ್ಕೆ ಇಂಥ ಮೇಲ್ ಕಳಿಸಿದರೆ ಕ್ಲಿಕ್ ಮಾಡದೆ ಇರುತ್ತಾರಾ? ಐವರು ಮಾಡಿದರು. ಅವರ ಹೆಸರನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು, ಅಡಿಕೆ ಧಾರಣೆ ಬರೆಯುವ ಬೋರ್ಡಿನ ಪಕ್ಕದಲ್ಲೇ. ಸರಕು, ಬೆಟ್ಟೆ, ರಾಶಿ, ಗೊರಬಲು ದರ ನೋಡಲು ಬಂದ ಸದಸ್ಯರೆಲ್ಲ ಆ ಹೆಸರುಗಳನ್ನೂ ಓದಿಕೊಂಡು ಹೋದರು.

ಪರಿಣಾಮ ಯಾರೂ ಎಣಿಸದೆ ಇದ್ದ ಕಡೆಯಿಂದ ಬಂತು. ಸಿಬ್ಬಂದಿ ಮೇಲ್ ತೆರೆಯುವುದನ್ನೇ ನಿಲ್ಲಿಸಿದರು. ಹವಾಮಾನ ಆಧಾರಿತ ಬೆಳೆ ವಿಮೆಗೆ ಸೇರಿದ ಕೆಲವು ಸದಸ್ಯರ ಪಹಣಿ ವಿವರ ತಾಳೆಯಾಗುತ್ತಿಲ್ಲ, ತಿದ್ದಿ ಕಳಿಸಿ ಅಂತ ಬಂದ ಮೇಲ್ ದಿನಗಟ್ಟಲೆ ಹಾಗೇ ಬಿದ್ದಿತ್ತು. ಕೊನೇ ದಿನ ಸಂಜೆ ಒಬ್ಬ ಬೆಳೆಗಾರರು ಬಂದು ವಿಚಾರಿಸಿದ್ದರಿಂದ ಗೊತ್ತಾಯಿತು. ಅವತ್ತು ರಾತ್ರಿ ಹನ್ನೊಂದರವರೆಗೆ ಕೂತು ತಿದ್ದಿದರು. "ತೆರೆದರೆ ಬೋರ್ಡಿಗೆ ಹೆಸರು, ತೆರೆಯದಿದ್ದರೆ ಏನೂ ಇಲ್ಲ, ನಾವೇನು ಮಾಡಬೇಕಿತ್ತು?" ಎಂದು ಕೇಳಿದ ಗುಮಾಸ್ತರಿಗೆ ಉತ್ತರ ಕೊಡಲು ಯಾರಿಂದಲೂ ಆಗಲಿಲ್ಲ. ಅದಾದ ಮೇಲೆ ನನ್ನನ್ನು ಕರೆದಿದ್ದು.

ಆಮೇಲೆ ಬದಲಾಗಿದ್ದು

ನಾನು ಹೋದಾಗ ಮೊದಲು ಮಾಡಿಸಿದ್ದು ಆ ಪಟ್ಟಿ ಕೀಳಿಸುವ ಕೆಲಸ. ಆಮೇಲೆ ಡ್ರಾಯರಿನ ಸಿಮ್ ವಿಷಯ. ಸಿಮ್ ಕಾರ್ಯದರ್ಶಿಗೆ ವಾಪಸ್ ಹೋಗಬೇಕು ಅನ್ನುವುದು ಎಲ್ಲರಿಗೂ ಒಪ್ಪಿಗೆ. ಆದರೆ ಜುಲೈನಲ್ಲಿ ಟವರ್ ಹೋದರೆ ಏನು? ಅದಕ್ಕೆ ಉತ್ತರ ಇಲ್ಲದೆ ಸಿಮ್ ವಾಪಸ್ ಕೊಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಡ್ರಾಯರಿನಲ್ಲಿರುತ್ತಿತ್ತು. ಪೇಟೆಯಲ್ಲೇ ಮನೆ ಇದ್ದ ಸಹಾಯಕ ವ್ಯವಸ್ಥಾಪಕರಿಗೂ ಬ್ಯಾಂಕಿನಲ್ಲಿ ಒಪ್ಪಿಗೆಯ ಅಧಿಕಾರ ಕೊಡಿಸಿದೆವು, ಅವರದ್ದೇ ಬೇರೆ ಲಾಗಿನ್, ಬೇರೆ ನಂಬರ್. ಇಬ್ಬರಲ್ಲಿ ಒಬ್ಬರು ಸಿಕ್ಕರೆ ಸಾಕು. ಇದಕ್ಕೆ ತಂತ್ರಜ್ಞಾನ ಏನೂ ಬೇಕಾಗಲಿಲ್ಲ, ಒಂದು ಠರಾವು ಮತ್ತು ಬ್ಯಾಂಕಿನ ಎರಡು ಫಾರಂ.

ಎರಡನೆಯದು ವಾಪಸ್ ಫೋನ್ ಮಾಡುವ ನಿಯಮ. ಯಾರದ್ದೇ ಖಾತೆ ನಂಬರ್ ಬದಲಾದರೂ, ಹಳೇ ರಿಜಿಸ್ಟರಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಕಳ್ಳರೇ ಎತ್ತಿ ಹೌದು ಅನ್ನುತ್ತಾರೆ. ಆಮೇಲೆ ಒಂದು ರೂಪಾಯಿ ಕಳಿಸಿ, ಬಂತು ಅಂತ ಅವರ ಬಾಯಲ್ಲಿ ಕೇಳಬೇಕು. ಈ ನಿಯಮ ಎಲ್ಲ ಕಡೆ ಹೇಳುವಂಥದ್ದೇ, ಹೊಸದಲ್ಲ. ನಾವು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಅದನ್ನು ಎಲ್ಲಿ ಅಂಟಿಸಬೇಕು, ಯಾರ ಸಹಿ ಇರಬೇಕು ಅನ್ನುವುದಕ್ಕೆ. ಅಧ್ಯಕ್ಷರ ಸಹಿ ಹಾಕಿಸಿ ಅಕೌಂಟೆಂಟ್ ಮೇಜಿನ ಎದುರಿನ ಗೋಡೆಗೆ ಹಾಕಿದೆವು. "ನನಗೆ ನಂಬಿಕೆ ಇಲ್ಲ" ಅಂತ ಹಿರಿಯರಿಗೆ ಹೇಳುವುದು ನಮ್ಮಲ್ಲಿ ಕಷ್ಟ. "ಅಲ್ಲಿ ಬರೆದಿದೆಯಲ್ಲ ಸರ್, ನಾನೇನು ಮಾಡ್ಲಿ" ಅನ್ನುವುದು ಸುಲಭ.

ಇದು ಬೇಗನೆ ಪರೀಕ್ಷೆಗೆ ಬಂತು. ಅಧ್ಯಕ್ಷರೇ ಒಂದು ದಿನ ಬೇರೆ ನಂಬರಿನಿಂದ ಫೋನ್ ಮಾಡಿ ಲಾರಿ ಬಾಡಿಗೆ ತುರ್ತಾಗಿ ಹಾಕಲು ಹೇಳಿದರು. ನಿಜವಾದ ತುರ್ತು. ಅವರ ಫೋನಿನ ಚಾರ್ಜ್ ಹೋಗಿತ್ತು. ಅಕೌಂಟೆಂಟ್ ಅವರು, ನಿಮ್ಮ ಮನೆ ನಂಬರಿಗೆ ನಾನೇ ಮಾಡ್ತೀನಿ ಸರ್ ಅಂದರು. "ನನ್ನ ಧ್ವನಿ ಗೊತ್ತಾಗಲ್ವಾ?" ಅಂತ ಅಧ್ಯಕ್ಷರು ರೇಗಿದರು. ಸಿಟ್ಟು ಇಳಿಯಲು ಎರಡು ದಿನ ಹಿಡಿಯಿತು. ಆದರೆ ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ ಯಾರನ್ನೂ ಬೈಯಲಿಲ್ಲ. ಉಳಿದ ಸಿಬ್ಬಂದಿ ಗಮನಿಸಿದ್ದು ಅದನ್ನೇ. ಈಗ ಧ್ವನಿಯನ್ನೂ ಕಂಪ್ಯೂಟರಿನಲ್ಲಿ ನಕಲು ಮಾಡುತ್ತಾರೆ, ಹಾಗಾಗಿ ಅವರು ಮಾಡಿದ್ದು ಅತಿಯಾಯಿತು ಅನ್ನಲು ಬರುವುದಿಲ್ಲ.

ಮೂರನೆಯದಕ್ಕೆ ಮಂಡಳಿಯಲ್ಲಿ ಜಗಳವೇ ಆಯಿತು. ಗೊತ್ತಾದ ದಿನವೇ ಹೇಳಿದವರಿಗೆ ವಸೂಲಿ ಇಲ್ಲ, ಮಹಾಸಭೆಯಲ್ಲಿ ಅವರ ಹೆಸರು ಎತ್ತುವುದಿಲ್ಲ, 1930ಕ್ಕೆ ಫೋನ್ ಮಾಡಲು ಯಾರ ಅಪ್ಪಣೆಯೂ ಬೇಡ. ಸಿಬ್ಬಂದಿಯೇ ಮಾಡಿದ ಕಳ್ಳತನಕ್ಕೆ ಇದು ಅನ್ವಯಿಸುವುದಿಲ್ಲ. "ಹೀಗೆ ಬರೆದರೆ ಯಾರೂ ಜಾಗ್ರತೆ ಮಾಡಲ್ಲ" ಅಂತ ಒಬ್ಬರು ವಿರೋಧಿಸಿದರು. ಅವರ ಭಯ ಪೂರ್ತಿ ತಪ್ಪಲ್ಲ. ಆದರೆ 9 ಲಕ್ಷದ ಖಾತೆ ವಿವರವನ್ನು ಮತ್ತೊಮ್ಮೆ ಓದಿದಾಗ ಠರಾವು ಪಾಸಾಯಿತು. ಆ ಕ್ಯಾಷಿಯರ್ ವಿಷಯವನ್ನೂ ಆ ವರ್ಷದ ಮಹಾಸಭೆಯಲ್ಲಿ ಅಧ್ಯಕ್ಷರು ಎತ್ತಿದರು, ಎರಡೇ ಮಾತಿನಲ್ಲಿ, ಅದೇ ಮೈಕಿನಲ್ಲಿ. ಇದನ್ನು ಯಾರೂ ಸಲಹೆ ಕೊಟ್ಟಿರಲಿಲ್ಲ.

ತರಬೇತಿಯನ್ನೂ ಬಿಡಲಿಲ್ಲ, ಆದರೆ ರೀತಿ ಬದಲಾಯಿತು. ತಿಂಗಳಿಗೊಮ್ಮೆ ಸಂಜೆ ಚಹಾದ ಹೊತ್ತಿಗೆ ಅರ್ಧ ಗಂಟೆ. ಆ ತಿಂಗಳು ಬಂದ ಅನುಮಾನದ ಮೇಲ್, ಮೆಸೇಜು, ಫೋನ್ ಇವನ್ನು ಯಾರಾದರೂ ಹೇಳಬೇಕು. ಮೊದಲೆರಡು ಸಲ ಯಾರೂ ಬಾಯಿ ಬಿಡಲಿಲ್ಲ. ಮೂರನೇ ಸಲ ಕಾರ್ಯದರ್ಶಿಯವರೇ ತಮಗೆ ಬಂದ ಕರೆಂಟ್ ಬಿಲ್ ಬಾಕಿ ಮೆಸೇಜ್ ತೋರಿಸಿ, ಲಿಂಕ್ ಒತ್ತಿಯೇಬಿಟ್ಟಿದ್ದೆ ಅಂದರು. ಎಲ್ಲರೂ ನಕ್ಕರು. ಅಲ್ಲಿಂದ ಮಾತು ಶುರುವಾಯಿತು.

ಎರಡನೇ ಘಟನೆ

ಮುಂದಿನ ವರ್ಷ ಮದುವೆ ಸೀಸನ್ನಿನಲ್ಲಿ ಒಬ್ಬ ಪಿಗ್ಮಿ ಸಂಗ್ರಹಕಾರರ ವಾಟ್ಸಾಪಿಗೆ ಪರಿಚಯದವರ ನಂಬರಿನಿಂದಲೇ ಲಗ್ನಪತ್ರಿಕೆ ಬಂತು. ಚಿತ್ರವೋ ಪಿಡಿಎಫ್ಫೋ ಆಗಿರಲಿಲ್ಲ, ಎಪಿಕೆ ಫೈಲು. ಅಂದರೆ ಅದೊಂದು ಆ್ಯಪ್. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಫೋನಿಗೆ ಬರುವ ಒಟಿಪಿಗಳೆಲ್ಲ ಕಳ್ಳರ ಕಡೆ ಹೋಗುತ್ತವೆ. ಅವರು ಎರಡನ್ನೂ ಮಾಡಿದ್ದರು. ಪತ್ರಿಕೆ ತೆರೆಯಲಿಲ್ಲ, ಫೋನ್ ಬಿಸಿಯಾಯಿತು, ಬ್ಯಾಂಕಿನ ಮೆಸೇಜ್ ಒಂದು ಮಿಂಚಿ ಮಾಯವಾಯಿತು.

ಅವರು ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ನಿಂತಿದ್ದ ಕಿರಾಣಿ ಅಂಗಡಿಯ ಫೋನಿನಿಂದ ಸಂಘಕ್ಕೆ ಫೋನ್ ಮಾಡಿದರು. ಇನ್‌ಸ್ಟಾಲ್ ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ. ಕಚೇರಿಯವರು ಅವರ ಪಿಗ್ಮಿ ಲಾಗಿನ್ ಬಂದ್ ಮಾಡಿದರು, ಬ್ಯಾಂಕಿಗೂ 1930ಕ್ಕೂ ಹೇಳಿದರು. ಅವರ ಸ್ವಂತ ಖಾತೆಯಿಂದ ಸ್ವಲ್ಪ ದುಡ್ಡು ಹೋಗಿತ್ತು. ಸಂಘದ್ದು ಏನೂ ಹೋಗಲಿಲ್ಲ. ಯಾಕೆ ಅಷ್ಟು ಬೇಗ ಹೇಳಿದಿರಿ ಅಂತ ಆಮೇಲೆ ಕೇಳಿದೆ. "ಹೇಳ್ದಿದ್ರೇ ಬೈಸ್ಕೋಬೇಕಲ್ಲ ಈಗ" ಅಂದರು.

ಆದರೆ ಎಲ್ಲವೂ ಸುಸೂತ್ರ ಆಗಲಿಲ್ಲ. ಅಷ್ಟರಲ್ಲಿ ಆ ಫೈಲು ಅವರ ನಂಬರಿನಿಂದ ಅವರ ಸಂಪರ್ಕದ ಪಟ್ಟಿಯಲ್ಲಿದ್ದ ಸದಸ್ಯರಿಗೆಲ್ಲ ಹೋಗಿತ್ತು. ಪಿಗ್ಮಿಯವರು ಕಳಿಸಿದ್ದು ಅಂತ ನಂಬಿ ತೆರೆದವರೂ ಇದ್ದರು, ಅವರಲ್ಲಿ ಇಬ್ಬರು ದುಡ್ಡು ಕಳೆದುಕೊಂಡರು. ಸಂಘ ಕನ್ನಡದಲ್ಲಿ ಒಂದು ಧ್ವನಿ ಸಂದೇಶ ಮಾಡಿ ಎಲ್ಲ ಗುಂಪುಗಳಿಗೂ ಹಾಕಿತು. ಸಂಜೆ ಹೊತ್ತಿಗೆ ಹಾಕಿತು, ಬೆಳಿಗ್ಗೆಯೇ ಹಾಕಬಹುದಿತ್ತು. ಸಿಬ್ಬಂದಿಗೆ ಹೇಳುವ ಧೈರ್ಯ ಬಂದಿತ್ತು. ನಮ್ಮಿಂದ ಹೀಗಾಯಿತು ಅಂತ ಸದಸ್ಯರಿಗೆ ಹೇಳಲು ಸಂಘಕ್ಕೆ ಇನ್ನೂ ಹಿಂಜರಿಕೆ ಇತ್ತು.

ಈಗಿನ ಸ್ಥಿತಿ

ತಡೆಹಿಡಿದ 1.9 ಲಕ್ಷ ನ್ಯಾಯಾಲಯದ ಆದೇಶದ ಮೇಲೆ ವಾಪಸ್ ಬಂತು, ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಸರಬರಾಜುದಾರರು ತಮ್ಮ ಮೇಲ್ ಒಡೆದಿದ್ದನ್ನು ಒಪ್ಪಿಕೊಂಡು, ಎರಡು ಸೀಸನ್ ದರದಲ್ಲಿ ಒಂದಿಷ್ಟು ಬಿಟ್ಟರು. ಆ ವರ್ಷ ಲೋಡ್ ತಡವಾಗಿ ಬಂತು. ಅಷ್ಟರಲ್ಲಿ ತುಂಬಾ ಸದಸ್ಯರು ಹೊರಗೆ ಹೆಚ್ಚು ಬೆಲೆ ಕೊಟ್ಟು ತುತ್ತ ಕೊಂಡಿದ್ದರು. ಉಳಿದ ನಷ್ಟ ಸಂಘದ ಲೆಕ್ಕದಲ್ಲೇ ಇದೆ. ಮೊದಲ ಖಾತೆಯ ಮಾಲೀಕ ಯಾರೋ ಕೂಲಿಯವರು. ಕಮಿಷನ್ ಆಸೆಗೆ ಖಾತೆಯನ್ನೂ ಎಟಿಎಂ ಕಾರ್ಡನ್ನೂ ಬೇರೆಯವರಿಗೆ ಕೊಟ್ಟಿದ್ದರು. ಅವರ ಹಿಂದೆ ಇದ್ದವರು ಸಿಕ್ಕಿಲ್ಲ.

ಅಕೌಂಟೆಂಟ್ ಅವರು ತಾವಾಗಿಯೇ ಕೇಳಿಕೊಂಡು ಪಾವತಿ ಕೆಲಸ ಬಿಟ್ಟು ಗೊಬ್ಬರದ ಗೋದಾಮಿನ ಲೆಕ್ಕಕ್ಕೆ ಹೋದರು. ಯಾರೂ ಕಳಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಅನುಮಾನ ಬಂದು ಮೊದಲು ಫೋನ್ ಮಾಡಿದವರು ಅವರೇ ಆಗಿದ್ದರು. ಪಾವತಿ ಮೇಜಿಗೆ ಅವರಿಗಿಂತ ಒಳ್ಳೆಯವರು ಆ ಕಚೇರಿಯಲ್ಲಿ ಇಲ್ಲ ಅಂತ ನಾನು ಎರಡು ಸಲ ಹೇಳಿದೆ. ಅದು ಅವರ ಇಷ್ಟ ಅಂತ ಅಲ್ಲಿನವರು ಅಂದರು.

ಕಳೆದ ಅಡಿಕೆ ಸೀಸನ್ನಿನಲ್ಲಿ ಒಪ್ಪಿಗೆ ಕೊಡುವ ಇಬ್ಬರೂ ಒಂದೇ ಮದುವೆಗೆ ಹೋಗಿ ಒಂದು ದಿನ ಪಾವತಿ ನಿಂತಿತು. ಸದಸ್ಯರು ಮತ್ತೆ ಕೂಗಾಡಿದರು. ಒಂದು ಫೋನ್ ಕಚೇರಿಯಲ್ಲೇ ಇಟ್ಟರೆ ಆಗಲ್ವಾ ಅಂತ ಒಬ್ಬ ಹೊಸ ನಿರ್ದೇಶಕರು ಕೇಳಿದರು. ಮಂಡಳಿ ಅದಕ್ಕೆ ಒಪ್ಪದೆ ಮೂರನೆಯವರೊಬ್ಬರಿಗೆ ಅಧಿಕಾರ ಕೊಟ್ಟಿತು. ಬ್ಯಾಂಕಿನ ಫಾರಂಗೆ ಸಹಿ ಹಾಕಿಸಲು ನಾನೇ ಹೋಗಿದ್ದೆ. ಮೂರನೆಯವರು ಬೇರೆ ಯಾರೂ ಅಲ್ಲ, ಅವತ್ತು ಗೋದಾಮಿನ ಹಿಂದೆ ನಿಂತು 1930ಕ್ಕೆ ಫೋನ್ ಮಾಡಿದ ಆಪರೇಟರ್.